ಕೆಂಪು ಮಾಸಿತು, ನೀಲಿ ಬೆಳ್ಳಗಾಯಿತು: ಒಂದು ಮನೆಯ ಹೊರಗೋಡೆಯ ಪ್ರಕರಣ

ಎರಡು ಅಂತಸ್ತಿನ ಮನೆ. ಪಶ್ಚಿಮಕ್ಕೆ ಮುಖ ಮಾಡಿದ ಮುಂದಿನ ಗೋಡೆಗೆ ಕಣ್ಣು ಕುಕ್ಕುವ ಕೆಂಪು. ಪಕ್ಕದಲ್ಲಿ ಹೊಸದಾಗಿ ಕಟ್ಟಿಸಿದ ಕೋಣೆಗಳಿಗೆ ತುಸು ನೇರಳೆ ಬೆರೆತ ಗಾಢ ನೀಲಿ. ವರಾಂಡದ ಕಂಬಗಳಿಗೂ ಬಾಲ್ಕನಿಯ ಕೆಳಪಟ್ಟಿಗೂ ನಿಂಬೆ ಹಳದಿ. ಮೂರೂ ಒಂದೇ ಕಂಪನಿಯ ಬಣ್ಣ. ಹೊರಗೋಡೆಗೆಂದೇ ಮಾಡಿದ, ಆ ಕಂಪನಿಯ ಪಟ್ಟಿಯಲ್ಲಿ ಎಲ್ಲಕ್ಕಿಂತ ದುಬಾರಿಯಾದ ಎಮಲ್ಷನ್. ಬಳಿದದ್ದು ಒಂದೇ ತಂಡ, ಒಂದೇ ಸಲ. ಎರಡು ವರ್ಷ ತುಂಬುವ ಹೊತ್ತಿಗೆ ಕೆಂಪು ಹೋಗಿ ಮಾಸಲು ಗುಲಾಬಿಯಾಗಿತ್ತು. ನೀಲಿಯ ಮೇಲೆ ಬಿಳಿ ಮಚ್ಚೆ, ಬಿಳಿ ಗೆರೆ. ಹಳದಿ ಮೊದಲ ದಿನದಿಂದಲೇ ತೇಪೆ ತೇಪೆಯಾಗಿ ಕಾಣುತ್ತಿತ್ತಂತೆ, ಹಾಗೇ ಉಳಿದಿತ್ತು.

ಮಾಸಿದ, ಸಿಪ್ಪೆ ಎದ್ದ ಗೋಡೆಗಳನ್ನು ನೋಡಿ ಕಾರಣ ಹೇಳುವುದು ನನ್ನ ಕೆಲಸ. ಸಾಮಾನ್ಯವಾಗಿ ಒಂದು ಮನೆಗೆ ಒಂದು ಕಾಯಿಲೆ ಇರುತ್ತದೆ. ಇಲ್ಲಿ ಮೂರು ಗೋಡೆಗೆ ಮೂರು. ಅದಕ್ಕೇ ಈ ಪ್ರಕರಣವನ್ನು ವಿವರವಾಗಿ ಬರೆದಿಡುತ್ತಿದ್ದೇನೆ.

ನಾನು ಹೋಗುವ ಹೊತ್ತಿಗೆ ಜಗಳ ಚೆನ್ನಾಗಿ ಬಲಿತಿತ್ತು. ಮೇಸ್ತ್ರಿ ಬಣ್ಣಕ್ಕೆ ನೀರು ಜಾಸ್ತಿ ಹಾಕಿದ್ದಾರೆ ಅಂತ ಮನೆಯವರು. ಬಣ್ಣದ ಮಾಲೇ ಸರಿಯಿಲ್ಲ ಅಂತ ಮೇಸ್ತ್ರಿ. ಗೋಡೆಯಲ್ಲಿ ತೇವ ಇದ್ದರೆ ನಾವೇನು ಮಾಡೋಣ ಅಂತ ಅಂಗಡಿಯವರು. ಕಂಪನಿಯ ಕಡೆಯಿಂದ ಬಂದವರು ಖಾತರಿ ಪತ್ರ ತೆಗೆದು ತೋರಿಸಿದ್ದರು. ಸಿಪ್ಪೆ ಎದ್ದರೆ, ಪಾಚಿ ಕಟ್ಟಿದರೆ ಹೊಣೆ ನಮ್ಮದು. ಕೆಲವು ಗಾಢ ಶೇಡ್‌ಗಳು ಮಾಸಿದರೆ ಅಲ್ಲ ಎಂದು ಅದರಲ್ಲಿ ಸಣ್ಣ ಅಕ್ಷರದಲ್ಲಿ ಇತ್ತು. ಇಂಥ ಸಾಲು ಅಪರೂಪವೇನಲ್ಲ. ಆದರೆ ಶೇಡ್ ಕಾರ್ಡ್ ತೋರಿಸುವಾಗ ಅದನ್ನು ಯಾರೂ ಓದಿ ಹೇಳುವುದಿಲ್ಲ, ಅಲ್ವಾ?

ಎಲ್ಲರೂ ಇಡೀ ಮನೆಗೆ ಅನ್ವಯಿಸುವ ಒಂದೇ ಕಾರಣ ಹುಡುಕುತ್ತಿದ್ದರು. ತಪ್ಪಿದ್ದು ಅಲ್ಲೇ.

ನೀರು ಬೆರೆಸಿದ ಆರೋಪ

ಮೊದಲು ಇದನ್ನು ಮುಗಿಸಿಬಿಡೋಣ ಎಂದುಕೊಂಡೆ. ಪೇಂಟಿಂಗ್ ಜಗಳಗಳಲ್ಲಿ ಎಲ್ಲಕ್ಕಿಂತ ಮೊದಲು ಬರುವ ಆರೋಪ ಇದೇ. ಎಷ್ಟೋ ಸಲ ನಿಜವೂ ಆಗಿರುತ್ತದೆ.

ಮನೆಯವರು ಬಿಲ್ಲುಗಳನ್ನು ಇಟ್ಟುಕೊಂಡಿದ್ದರು, ಅದು ಒಳ್ಳೆಯದಾಯಿತು. ನಯವಾದ ಗೋಡೆಯ ಮೇಲೆ ಒಂದು ಲೀಟರ್ ಎಮಲ್ಷನ್ ಒಂದು ಕೋಟ್‌ಗೆ ಸುಮಾರು 10ರಿಂದ 12 ಚದರ ಮೀಟರ್ ಬರುತ್ತದೆ. ಒರಟು ಗೋಡೆಯಾದರೆ ಇನ್ನೂ ಕಡಿಮೆ. ಮುಂದಿನ ಗೋಡೆ ಕಿಟಕಿ ಬಾಗಿಲು ಕಳೆದು 90 ಚದರ ಮೀಟರ್‌ನಷ್ಟಿತ್ತು. ಎರಡು ಕೋಟ್‌ಗೆ 15ರಿಂದ 18 ಲೀಟರ್ ಬೇಕು. ಬಿಲ್ಲಿನಲ್ಲಿ 20 ಲೀಟರ್ ಇತ್ತು. ಯಾವ ಬಕೆಟ್ಟೂ ಮಿಕ್ಕಿ ವಾಪಸ್ ಹೋಗಿರಲಿಲ್ಲ. ಅಂದರೆ ತಂದ ಬಣ್ಣ ಗೋಡೆಗೇ ಹೋಗಿದೆ.

ಬಿಲ್ಲಿಗಿಂತ ಗಟ್ಟಿ ಸಾಕ್ಷಿ ಗೋಡೆಯ ಮೇಲೇ ಇತ್ತು. ಕಿಟಕಿಗಳ ಮೇಲಿನ ಸಜ್ಜಾದ ಕೆಳಗೆ, ಬಿಸಿಲು ತಾಗದ ಒಂದು ಗೇಣು ಅಗಲದ ಪಟ್ಟಿಯಲ್ಲಿ, ಕೆಂಪು ಮೊದಲ ದಿನದಂತೆಯೇ ಇತ್ತು. ಅದೇ ಬಕೆಟ್, ಅದೇ ರೋಲರ್, ಅದೇ ಕೈ. ನೀರು ಬೆರೆಸಿದ್ದರೆ ಆ ಪಟ್ಟಿಯಲ್ಲೂ ಬೆರೆಸಿದ್ದೇ ತಾನೆ? ಗೇಟಿನ ಪಕ್ಕದ ಮನೆ ಹೆಸರಿನ ಫಲಕ ಬಿಚ್ಚಿಸಿದೆ. ಅದರ ಹಿಂದೆಯೂ ರಕ್ತಗೆಂಪು. ಫಲಕದ ನಾಲ್ಕು ಅಂಚು ಗೀಟು ಹಾಕಿದಂತೆ ಕಾಣುತ್ತಿತ್ತು.

"ನೋಡಿ ಅಮ್ಮಾ, ನಾನು ಹೇಳಿದ್ದು ಅದೇ," ಅಂದರು ಮೇಸ್ತ್ರಿ. ಮನೆಯೊಡತಿ ಏನೂ ಅನ್ನಲಿಲ್ಲ. ಆ ಆರೋಪ ಅಲ್ಲಿಗೆ ಬಿದ್ದುಹೋಯಿತು.

ಕೆಂಪು

ಮಾಸಿದ ಗೋಡೆಗೆ ನಾನು ಮೊದಲು ಮಾಡುವ ಪರೀಕ್ಷೆಗೆ ಬೇಕಾದದ್ದು ಒಂದು ಒದ್ದೆ ಬಟ್ಟೆ ಅಷ್ಟೇ. ಗೋಡೆಯ ಒಂದು ಭಾಗ ಒದ್ದೆ ಮಾಡಿ ನೋಡುವುದು. ಮೇಲ್ಮೈ ಪುಡಿ ಬಿಟ್ಟು ಅಥವಾ ಉಪ್ಪು ಕಟ್ಟಿ ಬೆಳ್ಳಗಾಗಿದ್ದರೆ, ಒದ್ದೆಯಾದ ಕೂಡಲೇ ಹಳೆಯ ಬಣ್ಣ ಎದ್ದು ಬರುತ್ತದೆ. ಒಣಗಿದ ಮೇಲೆ ಮತ್ತೆ ಬೆಳ್ಳಗೆ. ಬಣ್ಣದ ಕಣಗಳೇ ನಾಶವಾಗಿದ್ದರೆ ಎಷ್ಟು ಒದ್ದೆ ಮಾಡಿದರೂ ಹಳೆಯ ಬಣ್ಣ ಬರುವುದಿಲ್ಲ. ಕೆಂಪು ಗೋಡೆ ಒದ್ದೆಯಾದಾಗ ಸ್ವಲ್ಪ ಗಾಢವಾದ ಗುಲಾಬಿ ಆಯಿತು, ಕೆಂಪಾಗಲಿಲ್ಲ. ಬಣ್ಣ ಅಲ್ಲಿ ಇರಲೇ ಇಲ್ಲ.

ಹಾಗಾದರೆ ಎಲ್ಲಿ ಹೋಯಿತು? ಮತ್ತೆ, ಗುಲಾಬಿಯೇ ಯಾಕೆ ಆಯಿತು?

ಬಕೆಟ್ಟಿನಲ್ಲಿ ಏನಿರುತ್ತದೆ ಅನ್ನುವುದನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು. ಅಂಗಡಿಯಲ್ಲಿ ಕೆಂಪು ಬಣ್ಣ ಸಿದ್ಧವಾಗಿ ಬಂದಿರುವುದಿಲ್ಲ. ಬರುವುದು ಬೇಸ್. ತಿಳಿ ಬಣ್ಣಗಳಿಗೆ ಹೋಗುವ ಬೇಸ್‌ನಲ್ಲಿ ಟೈಟಾನಿಯಂ ಡೈಆಕ್ಸೈಡ್ ಎಂಬ ಬಿಳಿ ಪುಡಿ ತುಂಬಾ ಇರುತ್ತದೆ. ಗಾಢ ಶೇಡ್‌ಗಳ ಬೇಸ್‌ನಲ್ಲಿ ಅದು ಕಡಿಮೆ. ಅತಿ ಗಾಢ ಶೇಡ್‌ಗಳ ಬೇಸ್‌ನಲ್ಲಿ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಟಿಂಟಿಂಗ್ ಮೆಷಿನ್ ಈ ಬೇಸ್‌ಗೆ ಅಳತೆ ಮಾಡಿ ಬೇರೆ ಬೇರೆ ಬಣ್ಣದ ದ್ರವ ಸುರಿಯುತ್ತದೆ. ಒಂದೊಂದು ದ್ರವದಲ್ಲೂ ಒಂದೊಂದು ಪಿಗ್ಮೆಂಟ್, ಅಂದರೆ ಬಣ್ಣ ಕೊಡುವ ನುಣ್ಣನೆಯ ಪುಡಿ. ಗೋಡೆಗೆ ಅಂಟಿಕೊಳ್ಳುವ ಕೆಲಸ ಅಕ್ರಿಲಿಕ್ ಅಂಟಿನದು. ಬಣ್ಣ ಕಾಣಿಸುವ ಕೆಲಸ ಪಿಗ್ಮೆಂಟಿನದು. ದುಬಾರಿ ಎಮಲ್ಷನ್ ಅಂದರೆ ಅಂಟು ಚೆನ್ನಾಗಿದೆ ಎಂದರ್ಥ. ಈ ಮನೆಯಲ್ಲಿ ಅಂಟು ನಿಜಕ್ಕೂ ಚೆನ್ನಾಗಿತ್ತು. ಬೆರಳಲ್ಲಿ ಉಜ್ಜಿದರೆ ಪುಡಿ ಬರುತ್ತಿರಲಿಲ್ಲ, ಎಲ್ಲೂ ಸಿಪ್ಪೆ ಎದ್ದಿರಲಿಲ್ಲ. ಆದರೆ ಕಂಪನಿ ಯಾವ ಎಮಲ್ಷನ್ ಕೊಟ್ಟರೂ ಅಂಗಡಿಯ ಮೆಷಿನ್‌ನಲ್ಲಿರುವ ಬಣ್ಣದ ದ್ರವಗಳು ಅವೇ. ಈ ಮಾತು ಗ್ರಾಹಕರಿಗೆ ಗೊತ್ತಿರುವುದು ತೀರಾ ಕಡಿಮೆ.

ಪಿಗ್ಮೆಂಟುಗಳಲ್ಲಿ ದೊಡ್ಡದಾಗಿ ಎರಡು ಜಾತಿ. ಒಂದು ಖನಿಜ ಜಾತಿ. ಕೆಮ್ಮಣ್ಣಿನ ಕೆಂಪು, ಅಂದರೆ ಕಬ್ಬಿಣದ ಆಕ್ಸೈಡ್, ಇದಕ್ಕೆ ಉದಾಹರಣೆ. ಬಿಸಿಲಿಗೆ ಅದು ಜಗ್ಗುವುದಿಲ್ಲ. ಸ್ವೀಡನ್ನಿನ ಹಳ್ಳಿಮನೆಗಳ ಮರದ ಗೋಡೆಗೆ ಬಳಿಯುವ ಪ್ರಸಿದ್ಧ ಫಾಲುನ್ ಕೆಂಪು ಇದೇ ಜಾತಿಯದು, ಅಲ್ಲಿನ ತಾಮ್ರದ ಗಣಿಯ ಮಣ್ಣಿನಿಂದ ಬಂದದ್ದು. ಆದರೆ ಖನಿಜದ ಕೆಂಪಿಗೆ ಒಂದು ಮಿತಿ ಇದೆ. ಅದು ಇಟ್ಟಿಗೆಯ ಕಡೆಗೆ, ಕಂದಿನ ಕಡೆಗೆ ವಾಲುತ್ತದೆ. ಕಣ್ಣು ಕುಕ್ಕುವುದಿಲ್ಲ.

ಕಣ್ಣು ಕುಕ್ಕುವ ಕೆಂಪು, ಗುಲಾಬಿ, ಕಿತ್ತಳೆ, ನಿಂಬೆ ಹಳದಿ ಬೇಕಾದರೆ ಎರಡನೆಯ ಜಾತಿಗೆ ಹೋಗಬೇಕು. ಇವು ಇಂಗಾಲದ ಅಣುಗಳಿಂದ ಕಟ್ಟಿದ ಆರ್ಗ್ಯಾನಿಕ್ ಪಿಗ್ಮೆಂಟುಗಳು. ಬೆಳಕಿನ ಒಂದು ಭಾಗ ಹೀರಿ ಉಳಿದದ್ದನ್ನು ವಾಪಸ್ ಕಳಿಸುವುದರಿಂದಲೇ ಅವು ಅಷ್ಟು ಚಂದ ಕಾಣುತ್ತವೆ. ಬಿಸಿಲಿನ ನೇರಳಾತೀತ ಕಿರಣ ಆ ಅಣುಗಳ ಕೊಂಡಿಗಳನ್ನು ಮುರಿಯುತ್ತದೆ. ಕೊಂಡಿ ಮುರಿದರೆ ಬಣ್ಣ ಮುಗಿಯಿತು. ಎಲ್ಲವೂ ಒಂದೇ ವೇಗದಲ್ಲಿ ಮುರಿಯುವುದಿಲ್ಲ, ಅದೇ ಮುಖ್ಯ. ಒಂದೇ ಥರ ಕಾಣುವ ಎರಡು ಕೆಂಪುಗಳಲ್ಲಿ ಒಂದು ಎರಡು ಬೇಸಿಗೆಯಲ್ಲಿ ಸಾಯಬಹುದು, ಇನ್ನೊಂದು ಹತ್ತು ವರ್ಷ ಬಾಳಬಹುದು. ಶೇಡ್ ಕಾರ್ಡ್‌ನಲ್ಲಿ ಎರಡಕ್ಕೂ ಒಂದೇ ಅಳತೆಯ ಚೌಕ.

ಮಿಕ್ಕ ಒಂದು ಖಾಲಿ ಬಕೆಟ್ಟಿನ ಮುಚ್ಚಳದ ಮೇಲೆ ಟಿಂಟಿಂಗ್ ಚೀಟಿ ಹಾಗೇ ಇತ್ತು. ಚೀಟಿಯಲ್ಲಿರುವುದು ಕಂಪನಿಯ ಒಳ ಸಂಕೇತಗಳು, ನಮಗೆ ಅರ್ಥವಾಗುವುದಿಲ್ಲ. ಕಂಪನಿಯ ತಾಂತ್ರಿಕ ವಿಭಾಗಕ್ಕೆ ಬರೆದು ಕೇಳಿದಾಗ ಮುಖ್ಯ ಕೆಂಪು ಪಿ.ಆರ್. 112, ಅಂದರೆ ಪಿಗ್ಮೆಂಟ್ ರೆಡ್ 112, ಎಂದು ತಿಳಿಯಿತು. ಆರ್ಗ್ಯಾನಿಕ್ ಜಾತಿಯೊಳಗೆ ನ್ಯಾಫ್ತಾಲ್ ಕೆಂಪುಗಳ ಗುಂಪಿನದು. ಉಜ್ವಲ ಬಣ್ಣ, ಬೆಲೆ ಕಡಿಮೆ. ಬಿಳಿ ಬೆರೆಸದೆ ತುಂಬು ಬಣ್ಣವಾಗಿ ಬಳಸಿದರೆ ಒಂದು ಮಟ್ಟಿಗೆ ತಡೆಯುತ್ತದೆ. ಬಿಳಿ ಬೆರೆತಷ್ಟೂ ಬೇಗ ಮಾಸುತ್ತದೆ. ಈ ಶೇಡ್‌ಗೆ ಬಳಸಿದ್ದ ಬೇಸ್‌ನಲ್ಲಿ ಬಿಳಿ ಇತ್ತು.

ಗುಲಾಬಿಯ ಗುಟ್ಟು ಅಲ್ಲೇ ಇತ್ತು. ಕೆಂಪು ಕಣಗಳು ಬಿಸಿಲಿಗೆ ಸತ್ತವು, ಬಿಳಿ ಕಣಗಳು ಸಾಯಲಿಲ್ಲ. ಉಳಿದ ಅಲ್ಪಸ್ವಲ್ಪ ಕೆಂಪು ಮತ್ತು ಪೂರ್ತಿ ಉಳಿದ ಬಿಳಿ ಸೇರಿದರೆ ಗುಲಾಬಿ.

ಹಾಗಾದರೆ ಮೇಸ್ತ್ರಿ ಹೇಳಿದಂತೆ ಮಾಲು ಸರಿಯಿರಲಿಲ್ಲವೇ? ನಾನು ಹಾಗೆ ಬರೆಯಲಿಲ್ಲ. ಅದೇ ಕೆಂಪನ್ನು ಒಳಗೋಡೆಗೆ ಬಳಿದಿದ್ದರೆ ಯಾರೂ ದೂರುತ್ತಿರಲಿಲ್ಲ. ಉತ್ತರದ ನೆರಳುಗೋಡೆಗೆ ಬಳಿದಿದ್ದರೂ ಇನ್ನಷ್ಟು ವರ್ಷ ಬರುತ್ತಿತ್ತು. ಮಧ್ಯಾಹ್ನದಿಂದ ಸಂಜೆಯವರೆಗೆ ಬಿಸಿಲು ಕುಡಿಯುವ, ಎದುರಿಗೆ ಒಂದು ಮರವೂ ಇಲ್ಲದ ಗೋಡೆಗೆ ಆ ಪಿಗ್ಮೆಂಟ್ ತಪ್ಪು ಆಯ್ಕೆ. ಆಯ್ಕೆ ಮಾಡಿದವರಿಗೆ ತಾವು ಪಿಗ್ಮೆಂಟ್ ಆರಿಸುತ್ತಿದ್ದೇವೆ ಎಂಬುದೇ ಗೊತ್ತಿರಲಿಲ್ಲ. ಅಂಗಡಿಯವರಿಗೆ ಗೊತ್ತಿರಬೇಕಿತ್ತು, ಹೇಳಬೇಕಿತ್ತು ಎಂಬುದು ನನ್ನ ಅಭಿಪ್ರಾಯ. ಅದನ್ನು ವರದಿಯಲ್ಲೂ ಬರೆದೆ.

ನೀಲಿ

ನೀಲಿ ಗೋಡೆಗೆ ಅದೇ ಒದ್ದೆ ಬಟ್ಟೆ. ಇಲ್ಲಿ ಎಲ್ಲರೂ ಬೆರಗಾದರು. ಬಟ್ಟೆ ಆಡಿಸಿದ ಕಡೆಯಲ್ಲೆಲ್ಲ ಮಚ್ಚೆ ಮಾಯವಾಗಿ ಹೊಸ ನೀಲಿ ಎದ್ದು ಬಂತು. ಒಣಗುತ್ತಿದ್ದಂತೆ ಮಚ್ಚೆಗಳು ಒಂದೊಂದಾಗಿ ವಾಪಸ್ ಬಂದವು. ಬಣ್ಣಕ್ಕೆ ಏನೂ ಆಗಿಲ್ಲ, ಅದರ ಮೇಲೆ ಏನೋ ಕೂತಿದೆ ಎಂದು ಅಲ್ಲಿಗೆ ಖಚಿತವಾಯಿತು.

ಕೂತದ್ದು ಏನು? ಒಂದು ಮಚ್ಚೆಯ ಮೇಲೆ ವಿನೆಗರ್ ತೊಟ್ಟಿಕ್ಕಿದೆ. ಸಣ್ಣಗೆ ನೊರೆ ಬಂತು. ಕ್ಯಾಲ್ಸಿಯಂ ಕಾರ್ಬೊನೇಟ್.

ಸಿಮೆಂಟ್ ನೀರು ಕುಡಿದು ಗಟ್ಟಿಯಾಗುವಾಗ ಸುಣ್ಣವನ್ನು, ಅಂದರೆ ಕ್ಯಾಲ್ಸಿಯಂ ಹೈಡ್ರಾಕ್ಸೈಡನ್ನು, ಹೊರಬಿಡುತ್ತದೆ. ಹೊಸ ಪ್ಲಾಸ್ಟರ್‌ನ ಪಿ.ಎಚ್. 12ರಿಂದ 13ರ ಹತ್ತಿರ ಇರುತ್ತದೆ, ಅಂದರೆ ತೀವ್ರ ಕ್ಷಾರ. ಗೋಡೆಯೊಳಗಿನ ನೀರು ಒಣಗಲು ಹೊರಗೆ ಬರುವಾಗ ಸುಣ್ಣವನ್ನೂ ಕರಗಿಸಿ ಎಳೆದು ತರುತ್ತದೆ. ಗಾಳಿಯ ಇಂಗಾಲದ ಡೈಆಕ್ಸೈಡ್ ಸೇರಿ ಅದು ಬಿಳಿ ಪದರವಾಗಿ ಕೂರುತ್ತದೆ. ಪ್ಲಾಸ್ಟರ್ ಆದ ಮೇಲೆ ಬಣ್ಣಕ್ಕೆ ಕನಿಷ್ಠ 28 ದಿನ ಕಾಯಿರಿ ಎನ್ನುವುದು ಇದಕ್ಕೇ. ತಂಪು ಹವೆ, ದಪ್ಪ ಪ್ಲಾಸ್ಟರ್ ಇದ್ದರೆ ಅದೂ ಸಾಲುವುದಿಲ್ಲ.

ಈ ಮನೆಯಲ್ಲಿ ಹೊಸ ಕೋಣೆಗಳಿಗೆ ಬರುವ ದಿನ ಮೊದಲೇ ಗೊತ್ತಾಗಿತ್ತು. ಕೆಲಸ ತಡವಾಯಿತು. ಪ್ಲಾಸ್ಟರ್ ಆಗಿ ಎರಡು ವಾರಕ್ಕೇ ಬಣ್ಣ ಬಿತ್ತು. ಅದರ ಕೆಳಗೆ ಹಾಕಿದ್ದು ಮಾಮೂಲಿ ಪ್ರೈಮರ್. ಕ್ಷಾರ ತಡೆಯುವ ಪ್ರೈಮರ್ ಅಲ್ಲ. "ಕಾಯೋಣ ಅಂದೆ, ಇವರೇ ಬೇಗ ಮುಗಿಸಿ ಅಂದ್ರು," ಎಂದರು ಮೇಸ್ತ್ರಿ. ಮನೆಯೊಡತಿ ಅದನ್ನು ಅಲ್ಲಗಳೆಯಲಿಲ್ಲ. ಆದರೆ ಕಾಯದಿದ್ದರೆ ಏನಾಗುತ್ತದೆ ಎಂದು ಮೇಸ್ತ್ರಿ ಹೇಳಿರಲೂ ಇಲ್ಲ.

ಬರೀ ಹೊಸ ಪ್ಲಾಸ್ಟರ್ ಆಗಿದ್ದರೆ ಒಂದು ವರ್ಷದಲ್ಲಿ ಈ ಕಾಟ ನಿಲ್ಲಬೇಕಿತ್ತು. ನಿಂತಿರಲಿಲ್ಲ, ಪ್ರತಿ ಮಳೆಯ ನಂತರ ಹೊಸದಾಗಿ ಬರುತ್ತಿತ್ತು. ಗೆರೆಗಳು ಎಲ್ಲಿಂದ ಇಳಿದಿವೆ ಎಂದು ನೋಡುತ್ತಾ ಮೇಲೆ ಹತ್ತಿದೆ. ಹಳೆಯ ಕಟ್ಟಡವೂ ಹೊಸ ಕಟ್ಟಡವೂ ಸೇರುವ ಜಾಗದಲ್ಲಿ ಪ್ಯಾರಪೆಟ್‌ನ ತಲೆಯ ಮೇಲೆ ಬಿರುಕು. ಮಳೆನೀರು ಅಲ್ಲಿ ಇಳಿದು ಗೋಡೆಯ ಒಳಗಿಂದ ಹೊರಗೆ ಬರುತ್ತಿತ್ತು. ಅಂಗಡಿಯವರು ತೇವ ಎಂದದ್ದು ಈ ಗೋಡೆಗೆ ಸರಿಯಾಗಿಯೇ ಇತ್ತು. ಅದನ್ನು ಕೆಂಪು ಗೋಡೆಗೂ ಹೇಳಿ ಮಾತಿನ ತೂಕ ಕಳೆದುಕೊಂಡಿದ್ದರು.

ಇಲ್ಲಿ ಒಂದು ಪುಣ್ಯ ಏನೆಂದರೆ ನೀಲಿಯ ಪಿಗ್ಮೆಂಟ್ ಗಟ್ಟಿಯಾಗಿತ್ತು. ಫ್ಥಾಲೊಸಯನಿನ್ ನೀಲಿ, ಜೊತೆಗೆ ಸ್ವಲ್ಪ ಡೈಆಕ್ಸಜೈನ್ ನೇರಳೆ. ಫ್ಥಾಲೊ ನೀಲಿ 1935ರಲ್ಲಿ ಮಾರುಕಟ್ಟೆಗೆ ಬಂತು. ಅದಕ್ಕೆ ಮೊದಲು ಹೊರಗೋಡೆಗೆ ಗಾಢ ನೀಲಿ ಬಳಿಯುವುದು ತಲೆನೋವಿನ ಕೆಲಸವೇ ಆಗಿತ್ತು. 1700ರ ದಶಕದ ಆರಂಭದಲ್ಲಿ ಬರ್ಲಿನ್‌ನಲ್ಲಿ ಕಂಡುಹಿಡಿದ ಪ್ರಷ್ಯನ್ ನೀಲಿ ಸುಣ್ಣ ತಾಗಿದರೆ ಕಂದು ಬಣ್ಣಕ್ಕೆ ತಿರುಗುತ್ತದೆ. ಅಲ್ಟ್ರಾಮರೀನ್ ಸುಣ್ಣ ತಡೆಯುತ್ತದೆ, ಆದರೆ ಆಮ್ಲ ತಾಗಿದರೆ ಬಿಳಿಚಿಕೊಳ್ಳುತ್ತದೆ. ಫ್ಥಾಲೊ ಎರಡಕ್ಕೂ ಬಗ್ಗುವುದಿಲ್ಲ, ಬಿಸಿಲಿಗೂ ಗಟ್ಟಿ. ಹೊಸ ಸುಣ್ಣದ ಮೇಲೆ ಎರಡು ವರ್ಷ ಕೂತೂ ಅದಕ್ಕೆ ಏನೂ ಆಗದಿದ್ದದ್ದು ಹೀಗೆ.

ಇನ್ನೊಂದು ಮಾತು. ಇದೇ ಗೋಡೆಗೆ ಬಿಳಿಯೋ ಕೆನೆ ಬಣ್ಣವೋ ಬಳಿದಿದ್ದರೆ ಇಷ್ಟೇ ಸುಣ್ಣ ಹೊರಬಂದಿರುತ್ತಿತ್ತು, ಆದರೆ ಕಾಣುತ್ತಿರಲಿಲ್ಲ. ಬಿರುಕು ಒಳಗೊಳಗೇ ಬೆಳೆದು, ಒಂದು ದಿನ ಒಳಗೋಡೆ ಒದ್ದೆಯಾದಾಗ ಗೊತ್ತಾಗುತ್ತಿತ್ತು. ಗಾಢ ಬಣ್ಣ ಚಾಡಿಕೋರ. ಗೋಡೆಯಲ್ಲಿ ಏನಾದರೂ ಊರಿಗೆಲ್ಲ ಹೇಳುತ್ತದೆ. ಅದನ್ನು ದೂರುವುದಕ್ಕಿಂತ ಕೇಳಿಸಿಕೊಳ್ಳುವುದು ಮೇಲು ಅಂತ ನನಗೆ ಅನ್ನಿಸುತ್ತದೆ.

ಹಳದಿ

ಇದು ಚಿಕ್ಕ ವಿಷಯ. ಕಂಬಗಳು ವರಾಂಡದ ನೆರಳಲ್ಲಿದ್ದವು, ಆದ್ದರಿಂದ ಹಳದಿ ಮಾಸಿರಲಿಲ್ಲ. ಸಮಸ್ಯೆ ಮುಚ್ಚುವಿಕೆಯದು. ನಾಲ್ಕು ಕೋಟ್ ಬಳಿದರೂ ಕೆಳಗಿನ ಬೂದು ಸಿಮೆಂಟೂ ಬಿಳಿ ಪುಟ್ಟಿಯ ತೇಪೆಗಳೂ ಹಳದಿಯ ಮೂಲಕ ಇಣುಕುತ್ತಿದ್ದವು.

ಒಂದು ಬಣ್ಣ ಕೆಳಗಿನದನ್ನು ಮುಚ್ಚಬೇಕಾದರೆ ಅದರ ಕಣಗಳು ಬೆಳಕನ್ನು ಅಂಟಿಗಿಂತ ತುಂಬಾ ಜಾಸ್ತಿ ಬಗ್ಗಿಸಬೇಕು. ಅಕ್ರಿಲಿಕ್ ಅಂಟಿನ ವಕ್ರೀಭವನಾಂಕ, ಅಂದರೆ ಬೆಳಕು ಬಗ್ಗಿಸುವ ಅಳತೆ, ಸುಮಾರು 1.5. ಟೈಟಾನಿಯಂ ಬಿಳಿಯದು ಸುಮಾರು 2.7. ಆದ್ದರಿಂದಲೇ ಬಿಳಿ ಎರಡು ಕೋಟ್‌ನಲ್ಲಿ ಎಲ್ಲವನ್ನೂ ನುಂಗಿಬಿಡುತ್ತದೆ. ನಿಂಬೆ ಹಳದಿಗೆ ಬಳಸುವ ಹೆಚ್ಚಿನ ಆರ್ಗ್ಯಾನಿಕ್ ಪಿಗ್ಮೆಂಟುಗಳು ಅಂಟಿಗೆ ಹತ್ತಿರದ ಸಂಖ್ಯೆಯವು, ಬಿಳಿ ಇಲ್ಲದ ಬೇಸ್‌ನಲ್ಲಿ ಅವು ಬಣ್ಣದ ಗಾಜಿದ್ದಂತೆ. ಹಿಂದೆ ಸೀಸದ ಕ್ರೋಮೇಟ್ ಹಳದಿ ಚೆನ್ನಾಗಿ ಮುಚ್ಚುತ್ತಿತ್ತು. ಆದರೆ ಸೀಸ ವಿಷ. ಮನೆಬಣ್ಣಗಳಿಂದ ಅದು ಹೊರಹೋದದ್ದೇ ಒಳ್ಳೆಯದು.

ಮೇಸ್ತ್ರಿ ಮಾಡಬೇಕಿದ್ದದ್ದು ಇಷ್ಟೇ. ಮೊದಲು ಕಂಬಗಳಿಗೆಲ್ಲ ಸಮನಾಗಿ ಒಂದು ದಟ್ಟ ಬಿಳಿ ಕೋಟ್, ಅದರ ಮೇಲೆ ಹಳದಿ ಎರಡು. ದುಬಾರಿ ಹಳದಿಯ ಎರಡು ಕೋಟ್‌ನ ಖರ್ಚು ಉಳಿಯುತ್ತಿತ್ತು.

ಮುಂದೇನು ಮಾಡಿದೆವು

"ಸುಮ್ನೆ ಕೆನೆ ಬಣ್ಣ ಬಳಿದುಬಿಡಿ, ತಲೆನೋವು ಬೇಡ" ಎಂದು ಮನೆಯೊಡತಿಯ ಅಣ್ಣ ಹೇಳಿದರು. ಇಂಥ ಸಲಹೆ ಎಲ್ಲ ಮನೆಯಲ್ಲೂ ಒಬ್ಬರಾದರೂ ಕೊಡುತ್ತಾರೆ. ಆಕೆ ಒಪ್ಪಲಿಲ್ಲ. "ಬಣ್ಣ ಬೇಕು ಅಂತಾನೇ ಅಣ್ಣಾ, ನಾನು ಈ ಮನೆ ಕಟ್ಟಿಸಿದ್ದು," ಎಂದರು. ನನಗೆ ಅದು ಖುಷಿಯಾಯಿತು. ಗಾಢ ಬಣ್ಣ ಬಾಳುವುದಿಲ್ಲ ಎನ್ನುವುದು ಸುಳ್ಳು. ಗಾಢ ಬಣ್ಣ ಅಜಾಗರೂಕತೆಯನ್ನು ಕ್ಷಮಿಸುವುದಿಲ್ಲ ಎಂದರೆ ಸರಿ.

ಕೆಂಪಿಗೆ ಮೂರು ದಾರಿ ಇದ್ದವು. ಒಂದು, ಅದೇ ಶೇಡ್ ಮತ್ತೆ ಬಳಿದು, ಮೇಲೆ ನೇರಳಾತೀತ ತಡೆಯುವ ಪಾರದರ್ಶಕ ಕೋಟ್ ಕೊಡುವುದು. ನನಗೆ ಅದು ಇಷ್ಟವಿಲ್ಲ. ಕೆಲವು ಕಾಲ ನೆರವಾಗುತ್ತದೆ ನಿಜ. ಆದರೆ ದೊಡ್ಡ ಗೋಡೆಯ ಮೇಲೆ ಹೊಳಪು ಸಮನಾಗಿ ಬರುವುದು ಕಷ್ಟ, ಮುಂದೆ ತೇಪೆ ಹಾಕಲೂ ಆಗುವುದಿಲ್ಲ. ಎರಡು, ಅದೇ ಶೇಡನ್ನು ಬೇರೆ ಪಿಗ್ಮೆಂಟಿನಲ್ಲಿ ಮಾಡಿಸುವುದು. 1958ರಲ್ಲಿ ಡುಪಾಂಟ್ ಮಾರುಕಟ್ಟೆಗೆ ತಂದ ಕ್ವಿನಾಕ್ರಿಡೋನ್, 1980ರ ದಶಕದಲ್ಲಿ ಸಿಬಾ-ಗೈಗಿ ತಂದ ಡಿ.ಪಿ.ಪಿ. ಕೆಂಪು, ಅಂದರೆ ಪಿ.ಆರ್. 254, ಇವೆರಡೂ ಬಿಸಿಲು ತಡೆಯುವ ಆರ್ಗ್ಯಾನಿಕ್ ಕೆಂಪುಗಳು. ಕೆಂಪು ಕಾರುಗಳ ಬಣ್ಣದಲ್ಲಿ ಪಿ.ಆರ್. 254 ಹೆಸರುವಾಸಿ. ಬೆಲೆ ಮಾತ್ರ ಜಾಸ್ತಿ. ಮೂರು, ಖನಿಜದ ಕೆಂಪಿಗೆ ಇಳಿಯುವುದು.

ಖನಿಜದ ಕೆಂಪಿನ ಚೌಕವನ್ನು ಕಾರ್ಡ್‌ನಲ್ಲಿ ತೋರಿಸಿದಾಗ ಮನೆಯೊಡತಿ ಮುಖ ಸಿಂಡರಿಸಿದರು. ಇಟ್ಟಿಗೆ ಥರ ಇದೆ, ಬೇಡ ಎಂದರು. ಆಗ ನಾನು ಹೇಳಿದ್ದು, ಕಾರ್ಡ್ ನೋಡಿ ತೀರ್ಮಾನ ಮಾಡಬೇಡಿ ಅಂತ. ಸ್ವೀಡನ್ನಿನ ಸಂಶೋಧಕಿ ಕಾರಿನ್ ಫ್ರಿಡೆಲ್ ಆಂಟರ್ 2000ದಲ್ಲಿ ಮುಗಿಸಿದ ಅಧ್ಯಯನ ಇದೇ ವಿಷಯದ್ದು. ಮನೆಗಳ ಹೊರಗೋಡೆಯ ಬಣ್ಣವನ್ನು ಮಾದರಿ ಚೀಟಿಗಳ ಜೊತೆ ಹೋಲಿಸಿ ಅಳೆದು, ದೂರದಿಂದ ನೋಡಿದಾಗ ಕಣ್ಣಿಗೆ ಏನು ಕಾಣುತ್ತದೆ ಎಂದು ದಾಖಲಿಸಿದರು. ಗೋಡೆಯ ಮೇಲಿನ ಬಣ್ಣ ಚೀಟಿಯಲ್ಲಿರುವುದಕ್ಕಿಂತ ಕಡಿಮೆ ಕಪ್ಪಾಗಿ, ಬಹಳಷ್ಟು ಸಲ ಹೆಚ್ಚು ತೀಕ್ಷ್ಣವಾಗಿ ಕಂಡಿತು. ಚೀಟಿಯಲ್ಲಿ ಮಂಕಾದದ್ದು ಗೋಡೆಯಲ್ಲಿ ಮಂಕಾಗಬೇಕಿಲ್ಲ. ಚೀಟಿಯಲ್ಲೇ ಉರಿಯುವ ಬಣ್ಣ ಗೋಡೆಯಲ್ಲಿ ಇನ್ನೂ ಜೋರಾಗಿ ಉರಿಯುತ್ತದೆ.

ಗೋಡೆಯ ಮೇಲೆ ಒಂದೊಂದು ಮೀಟರ್ ಅಗಲ ಎತ್ತರದ ಮೂರು ಮಾದರಿ ಬಳಿಸಿದೆವು. ಬರೀ ಖನಿಜ ಕೆಂಪು ಒಂದು. ಖನಿಜ ಕೆಂಪಿಗೆ ಸ್ವಲ್ಪ ಪಿ.ಆರ್. 254 ಸೇರಿಸಿದ್ದು ಒಂದು. ಬರೀ ಪಿ.ಆರ್. 254 ಒಂದು. ಬೆಳಿಗ್ಗೆ, ಮಧ್ಯಾಹ್ನ, ಇಳಿಬಿಸಿಲಲ್ಲಿ, ರಸ್ತೆಯ ಆಚೆ ಬದಿಯಿಂದ ನೋಡಿ ಎಂದೆ. ಆಕೆ ಆರಿಸಿದ್ದು ನಡುವಿನದು. ಬರೀ ಪಿ.ಆರ್. 254 ಇಳಿಬಿಸಿಲಲ್ಲಿ ತೀರಾ ಚುಚ್ಚುತ್ತದೆ ಎಂದರು. ಕಾರ್ಡ್ ಹಿಡಿದು ಕೂತಿದ್ದಾಗ ಆಕೆ ಬೊಟ್ಟು ಮಾಡಿದ್ದು ಅದನ್ನೇ.

ಬಳಿಯುವಾಗ ಎರಡು ಮೂರು ಕಟ್ಟುಪಾಡು ಹಾಕಿಕೊಂಡೆವು. ಕೆಂಪಿನ ಕೆಳಗೆ ಬಿಳಿ ಅಲ್ಲ, ನಡು ಬೂದಿ ಬಣ್ಣದ ಪ್ರೈಮರ್. ಗಾಢ ಕೆಂಪು ಬಿಳಿಯ ಮೇಲೆ ಮುಚ್ಚಿಕೊಳ್ಳಲು ಒದ್ದಾಡುತ್ತದೆ, ಬೂದಿಯ ಮೇಲೆ ಬೇಗ ಕೂರುತ್ತದೆ. ಹಳದಿಗೆ ಇದರ ತದ್ವಿರುದ್ಧ, ಬಿಳಿಯೇ ಬೇಕು. ಇನ್ನು, ಗೋಡೆಗೆ ಬೇಕಾದ ಅಷ್ಟೂ ಬಕೆಟ್‌ಗಳನ್ನು ಒಂದು ದೊಡ್ಡ ಡ್ರಮ್ಮಿಗೆ ಸುರಿದು ಕಲಸಿಕೊಂಡೇ ಶುರುಮಾಡಬೇಕು. ಮೆಷಿನ್ ಎಷ್ಟೇ ನಿಖರ ಅಂದರೂ ಬಕೆಟ್ಟಿಗೂ ಬಕೆಟ್ಟಿಗೂ ಕೂದಲೆಳೆ ವ್ಯತ್ಯಾಸ ಇರುತ್ತದೆ. ತಿಳಿ ಬಣ್ಣದಲ್ಲಿ ಕಾಣದ್ದು ಕೆಂಪಿನಲ್ಲಿ ಗೋಡೆಯ ನಡುವೆ ಗೀಟಾಗಿ ಕಾಣುತ್ತದೆ. ಒಂದು ಮೂಲೆಯಿಂದ ಇನ್ನೊಂದು ಮೂಲೆಯವರೆಗೆ ನಿಲ್ಲಿಸದೆ ಬಳಿಯಬೇಕು ಎನ್ನುವುದೂ ಅದಕ್ಕೇ.

ಹೊತ್ತಿನ ವಿಷಯದಲ್ಲಿ ಮೇಸ್ತ್ರಿಗೂ ನನಗೂ ಸ್ವಲ್ಪ ಚರ್ಚೆಯಾಯಿತು. ಪಶ್ಚಿಮದ ಗೋಡೆಗೆ ಮಧ್ಯಾಹ್ನ ಬಳಿದರೆ ಕಾದ ಗೋಡೆಯ ಮೇಲೆ ಬಣ್ಣ ರೋಲರ್ ಎತ್ತುವಷ್ಟರಲ್ಲಿ ಒಣಗಿ ಪಟ್ಟೆ ಬೀಳುತ್ತದೆ. ಹಾಗಂತ ಸಂಜೆ ಬಳಿದರೆ ಇನ್ನೊಂದು ಕಾಟ. ಗಾಢ ಶೇಡ್‌ಗಳಿಗೆ ಬಣ್ಣದ ದ್ರವ ತುಂಬಾ ಹೋಗುತ್ತದೆ. ಅದರಲ್ಲಿ ನೀರಿಗೆ ಕರಗುವ ಸೋಪಿನಂಥ ಅಂಶಗಳಿರುತ್ತವೆ. ಬಣ್ಣ ಪೂರ್ತಿ ಒಣಗುವ ಮುನ್ನ ಇಬ್ಬನಿ ಬಿದ್ದರೆ ಅವು ಹೊರಬಂದು ಜಿಗುಟು ಗೆರೆಗಳಾಗಿ ಇಳಿಯುತ್ತವೆ. ಕಡೆಗೆ ಬೆಳಗಿನ ಹೊತ್ತು, ಗೋಡೆ ನೆರಳಲ್ಲಿರುವಾಗ ಬಳಿದು, ಬಿಸಿಲು ತಿರುಗುವ ಮುನ್ನ ನಿಲ್ಲಿಸುವುದೆಂದು ಆಯಿತು. ದಿನಗೂಲಿ ಲೆಕ್ಕದಲ್ಲಿ ಅರ್ಧ ದಿನ ಹೋಗುತ್ತದೆ ಎಂದು ಅವರಿಗೆ ಬೇಸರ. ಅದೂ ನ್ಯಾಯವೇ. ಉಳಿದ ಅರ್ಧ ದಿನ ನೀಲಿ ಗೋಡೆಯ ಕೆಲಸಕ್ಕೆ ಹಚ್ಚಿದೆವು.

ಕಿಟಕಿಗಳ ಮೂಲೆಯಲ್ಲಿ ಕೂದಲು ಬಿರುಕುಗಳಿದ್ದವು. ಗಾಢ ಬಣ್ಣ ಬಿಸಿಲು ಜಾಸ್ತಿ ಹೀರುತ್ತದೆ. ಗೋಡೆ ಕಾದು ಹಿಗ್ಗುತ್ತದೆ, ತಣ್ಣಗಾಗಿ ಕುಗ್ಗುತ್ತದೆ. ಬಣ್ಣ ಎಷ್ಟು ಬೆಳಕು ವಾಪಸ್ ಕಳಿಸುತ್ತದೆ ಎಂದು ಹೇಳುವ ಎಲ್.ಆರ್.ವಿ. ಎಂಬ ಅಂಕಿ ಬಹಳಷ್ಟು ಶೇಡ್ ಕಾರ್ಡ್‌ಗಳ ಹಿಂಬದಿಯಲ್ಲಿ ಇರುತ್ತದೆ. ಕಪ್ಪಿಗೆ ಸೊನ್ನೆ, ಬಿಳಿಗೆ 100ರ ಕಡೆ. ಇದನ್ನು ನೋಡಿಯೇ ಶೇಡ್ ಆರಿಸಿ ಎಂದು ಕೆಲವರು ಹೇಳುತ್ತಾರೆ. ಆದರೆ ಅದು ಕಣ್ಣಿಗೆ ಕಾಣುವ ಬೆಳಕಿನ ಲೆಕ್ಕ ಮಾತ್ರ. ಬಿಸಿಲಿನ ಶಕ್ತಿಯಲ್ಲಿ ಹೆಚ್ಚುಕಡಿಮೆ ಅರ್ಧ ಕಣ್ಣಿಗೆ ಕಾಣದ ಅವಗೆಂಪು ಕಿರಣದ್ದು. ಹಾಗಾಗಿ ಅಂದಾಜಿಗೆ ಸರಿ, ಅದನ್ನೇ ನಂಬಿ ಕೂರುವಂತಿಲ್ಲ. ಬಿರುಕುಗಳಿಗೆ ಹಿಗ್ಗಿ ಕುಗ್ಗುವ ಫಿಲ್ಲರ್ ತುಂಬಿಸಿದೆವು, ಗಟ್ಟಿ ಪುಟ್ಟಿ ಅಲ್ಲ.

ನೀಲಿ ಗೋಡೆಗೆ ಮೊದಲು ಬಣ್ಣವಲ್ಲ, ಪ್ಯಾರಪೆಟ್. ಬಿರುಕು ಕೆತ್ತಿ, ತುಂಬಿಸಿ, ಮೇಲೆ ವಾಟರ್‌ಪ್ರೂಫ್ ಕೋಟ್ ಕೊಟ್ಟು, ತಲೆಯನ್ನು ಟೆರೇಸ್ ಕಡೆಗೆ ಇಳಿಜಾರು ಮಾಡಿಸಲಾಯಿತು. ಮಚ್ಚೆಗಳನ್ನು ಒಣ ಬ್ರಷ್‌ನಿಂದ ಉಜ್ಜಿ ಉದುರಿಸಿದೆವು. ಮೊದಲೇ ನೀರು ಹಾಕಿದರೆ ಸ್ವಲ್ಪ ಸುಣ್ಣವೂ ಉಪ್ಪೂ ಕರಗಿ ಮತ್ತೆ ಗೋಡೆಯೊಳಗೇ ಹೋಗುತ್ತವೆ. ಆಸಿಡ್ ಹಾಕಿ ತೊಳೆಯೋಣ ಎಂದು ಯಾರೋ ಹೇಳಿದ್ದನ್ನು ನಾನು ಒಪ್ಪಲಿಲ್ಲ. ಗಟ್ಟಿ ಆಸಿಡ್ ಪ್ಲಾಸ್ಟರನ್ನೇ ತಿನ್ನುತ್ತದೆ. ಗೋಡೆ ಚೆನ್ನಾಗಿ ಒಣಗಲು ಬಿಟ್ಟು, ಕ್ಷಾರ ತಡೆಯುವ ಪ್ರೈಮರ್ ಹಾಕಿ, ಅದೇ ನೀಲಿಯ ಎರಡು ಕೋಟ್ ಬಳಿದರು. ಶೇಡ್ ಬದಲಿಸುವ ಅಗತ್ಯವೇ ಇರಲಿಲ್ಲ.

ದುಡ್ಡಿನ ವಿಷಯ ಹೀಗೆ ಬಗೆಹರಿಯಿತು. ನೀಲಿ ಗೋಡೆಯ ಕೂಲಿಯನ್ನು ಮೇಸ್ತ್ರಿ ಬಿಟ್ಟರು, ಸಾಮಾನು ಮನೆಯವರದು. ಹಳದಿ ಕಂಬಗಳನ್ನು ಮೇಸ್ತ್ರಿಯೇ ತಮ್ಮ ಖರ್ಚಿನಲ್ಲಿ ಬಿಳಿ ಕೋಟ್ ಕೊಟ್ಟು ಸರಿಮಾಡಿದರು. ಅಂಗಡಿಯವರು ಹೊಸ ಕೆಂಪನ್ನು ಲಾಭ ಬಿಟ್ಟು ಕೊಟ್ಟರು. ತಪ್ಪು ತಮ್ಮದು ಎಂದು ಮಾತ್ರ ಒಪ್ಪಲಿಲ್ಲ. ಕಂಪನಿ ಖಾತರಿ ಪತ್ರದ ಸಣ್ಣ ಅಕ್ಷರದಿಂದ ಆಚೆ ಈಚೆ ಕದಲಲಿಲ್ಲ.

ಅದಾದ ಮೇಲೆ ಕೆಂಪು ಗೋಡೆಯ ಮೇಲೆ ಎರಡು ಬೇಸಿಗೆ ಕಳೆದಿವೆ. ಸಜ್ಜಾದ ಕೆಳಗಿನ ಪಟ್ಟಿಗೂ ಬಿಸಿಲಿನ ಭಾಗಕ್ಕೂ ವ್ಯತ್ಯಾಸ ಇಲ್ಲವೆಂದಲ್ಲ; ಹತ್ತಿರ ಹೋಗಿ ಹುಡುಕಿದರೆ ಸಿಗುತ್ತದೆ. ಗುಲಾಬಿ ಮಾತ್ರ ಬಂದಿಲ್ಲ. ಹಳದಿ ಕಂಬಗಳ ಬಗ್ಗೆ ಹೇಳಲು ಏನೂ ಇಲ್ಲ, ಚೆನ್ನಾಗಿವೆ. ನೀಲಿ ಗೋಡೆಯ ಮೇಲಿನ ಮೂಲೆಯಲ್ಲಿ ಕಳೆದ ಮಳೆಯ ನಂತರ ಅಂಗೈ ಅಗಲದ ಬಿಳಿ ಮತ್ತೆ ಕಂಡಿದೆ. ಹಳೆಯ ಕಟ್ಟಡ ಹೊಸದು ಸೇರುವ ಅದೇ ಜಾಗ. ಎರಡೂ ಕಟ್ಟಡ ಬೇರೆ ಬೇರೆಯಾಗಿ ಕದಲುವುದರಿಂದ ಅಲ್ಲಿ ಬಿರುಕು ತುಂಬಿಸಿದರೆ ಸಾಲದು, ಜಾಯಿಂಟ್ ಬಿಟ್ಟು ಸೀಲೆಂಟ್ ಹಾಕಬೇಕು. ಈ ಮಳೆಗಾಲಕ್ಕೆ ಮೊದಲು ಆ ಕೆಲಸ ಮಾಡಿಸುವುದೆಂದು ಗೊತ್ತಾಗಿದೆ.